ಹೊಲದವರ ಮೈ ಹೊಲಸಲ್ಲ: ಕೆಲವು ಆಕ್ಷೇಪಗಳಿಗೆ ಉತ್ತರ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ನಾನು ಹೇಳುತ್ತ ಬಂದಿರುವ ಮಾತು ಒಂದೇ. ನಮ್ಮೆಲ್ಲರ ಚರ್ಮದ ಮೇಲೆ ಬ್ಯಾಕ್ಟೀರಿಯಾಗಳು ಬದುಕುತ್ತವೆ. ಯಾವ ಜಾಗದಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಸಬೇಕು ಎಂಬುದು ಆ ಜಾಗದ ಜಿಡ್ಡು, ಬೆವರು, ಒಣತನದಿಂದ ತೀರ್ಮಾನವಾಗುತ್ತದೆ. ಆ ಚರ್ಮ ದಿನವೂ ಯಾವ ಮಣ್ಣು, ಯಾವ ನೀರು, ಎಷ್ಟು ಬಿಸಿಲು, ಯಾವ ದನಕರು, ಯಾವ ಮಂದಿಯನ್ನು ಮುಟ್ಟುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೈಬಣ್ಣ, ಜಾತಿ, ಅಂಗಿಯ ಬಿಳುಪು ಲೆಕ್ಕಕ್ಕೆ ಬರುವುದಿಲ್ಲ.

ಈ ಮಾತನ್ನು ಎರಡು ಬಗೆಯವರು ಒಪ್ಪುತ್ತಿಲ್ಲ. ದುಡಿಯುವವರ ಮೈಯೆಂದರೆ ಕ್ರಿಮಿಗಳ ಗೂಡು, ಅದನ್ನು ಸೋಪು ಮುಲಾಮುಗಳಿಂದ ಉಜ್ಜಿ ತೆಗೆಯಬೇಕು ಎನ್ನುವವರು ಒಂದು ಕಡೆ. ಮಣ್ಣು ಬಿಸಿಲು ಎಂದೂ ಕೇಡು ಮಾಡವು, ಸೋಪೂ ಬೇಡ ಡಾಕ್ಟರೂ ಬೇಡ ಎನ್ನುವವರು ಇನ್ನೊಂದು ಕಡೆ. ಇಬ್ಬರ ಆಕ್ಷೇಪಗಳನ್ನೂ ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುತ್ತೇನೆ. ಈ ಎರಡೂ ಬಗೆಯ ಮಾತುಗಳಿಂದ ನಷ್ಟ ಅನುಭವಿಸುತ್ತಿರುವವರು ನಮ್ಮ ಮಕ್ಕಳು, ನಮ್ಮ ಹೆಣ್ಣುಮಕ್ಕಳು. ಆದ್ದರಿಂದ ಸುಮ್ಮನಿರಲು ನನ್ನಿಂದ ಆಗದು.

"ಹೊಲದಾಗ ದುಡಿಯೋರ ಮೈಮ್ಯಾಲೆ ಕ್ರಿಮಿ ಹೆಚ್ಚು. ಅದಕ್ಕ ಅವರಿಗೆ ಕಜ್ಜಿ, ಕುರು ಜಾಸ್ತಿ." ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ. ಓದಿದವರ ಬಾಯಿಂದಲೇ ಹೆಚ್ಚು ಬರುತ್ತದೆ.

2009ರಲ್ಲಿ ಅಮೆರಿಕದ ಎಲಿಜಬೆತ್ ಗ್ರೈಸ್, ಜೂಲಿ ಸೆಗ್ರೆ ಮತ್ತು ಅವರ ಸಂಗಡಿಗರು ಆರೋಗ್ಯವಂತರಾದ 10 ಮಂದಿಯ ಮೈಯ 20 ಜಾಗಗಳಿಂದ ಮಾದರಿ ತೆಗೆದು, ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಅವುಗಳ ಜೀನುಗಳ ಮೂಲಕ ಗುರುತಿಸಿದರು. ಒಬ್ಬ ಮನುಷ್ಯನ ಕಂಕುಳಿಗೂ ಅದರಿಂದ ಒಂದು ಗೇಣು ಆಚೆಗಿರುವ ಅವನದೇ ಮುಂದೋಳಿಗೂ ಅಜಗಜಾಂತರವಿತ್ತು. ಬೇರೆ ಬೇರೆ ಮನುಷ್ಯರ ಒಂದೇ ಜಾಗಗಳು ಮಾತ್ರ ಪರಸ್ಪರ ಹೋಲುತ್ತಿದ್ದವು. ಹಣೆ, ಮೂಗಿನ ಪಕ್ಕ, ಬೆನ್ನು ಜಿಡ್ಡಿನ ಜಾಗಗಳು. ಅಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬುದು ರೋಮಕೂಪದೊಳಗೆ, ಗಾಳಿ ಸೋಕದ ಕಡೆ ಕೂತು ಮೈಯ ಎಣ್ಣೆಯನ್ನು ಒಡೆದು ತಿನ್ನುತ್ತದೆ. ಹಾಗೆ ಒಡೆದಾಗ ಹೊರಬೀಳುವ ಕೊಬ್ಬಿನ ಆಮ್ಲಗಳು ಚರ್ಮದ ಮೇಲ್ಮೈಯನ್ನು ಹುಳಿಯಾಗಿ ಇಡುತ್ತವೆ. ಕಂಕುಳು, ತೊಡೆಸಂದು, ಕಾಲ್ಬೆರಳಿನ ಸಂದುಗಳು ತೇವದ ಜಾಗಗಳು. ಅಲ್ಲಿ ಕೊರೈನೆಬ್ಯಾಕ್ಟೀರಿಯಂ, ಸ್ಟಾಫಿಲೊಕಾಕಸ್ ಕುಲದವು ಹೆಚ್ಚು. ಮುಂದೋಳು, ಮೊಣಕಾಲಿನ ಕೆಳಭಾಗ ಒಣ ಜಾಗಗಳು. ಅಲ್ಲಿ ಸಂಖ್ಯೆ ಕಡಿಮೆ, ಬಗೆಗಳು ಬಹಳ. ಎರಿಯಲ್ಲಿ ಬಿಳಿಜೋಳ, ಮಸಾರಿಯಲ್ಲಿ ಶೇಂಗಾ, ಮಡ್ಡಿಯಲ್ಲಿ ಹುಲ್ಲು ಎಂದು ನಮ್ಮ ರೈತರು ನೆಲ ನೋಡಿ ಬೆಳೆ ಹೇಳುವ ಹಾಗೆ, ಮೈಯ ಜಾಗ ನೋಡಿ ಅಲ್ಲಿನ ಬ್ಯಾಕ್ಟೀರಿಯಾ ಹೇಳಬಹುದು. ಸಿಂದಗಿಯ ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರುವವರ ಹಣೆಗೂ ದೇವರ ಹಿಪ್ಪರಗಿಯ ಎರಿಯಲ್ಲಿ ಜೋಳ ಕೀಳುವವರ ಹಣೆಗೂ ಈ ನಿಯಮ ಒಂದೇ.

ಕಣ್ಣಿಗೆ ಕಾಣುವ ಮಣ್ಣು ಬೇರೆ, ಚರ್ಮದಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಬೇರೆ. ಇದು ಹೊಸ ಮಾತೇನಲ್ಲ. 1938ರಲ್ಲೇ ಪ್ರೈಸ್ ಎಂಬ ಅಮೆರಿಕದ ಶಸ್ತ್ರವೈದ್ಯರು ಕೈ ತೊಳೆದು ತೊಳೆದು ನೋಡಿ, ಬಂದುಹೋಗುವ ಬ್ಯಾಕ್ಟೀರಿಯಾಗಳನ್ನೂ ನೆಲೆಸಿದವನ್ನೂ ಎರಡು ಗುಂಪಾಗಿ ವಿಂಗಡಿಸಿದ್ದರು. ಹೊಲದ ಮಣ್ಣಿನ ಜೊತೆ ಬಂದದ್ದರಲ್ಲಿ ಬಹುಪಾಲು ಮೊದಲ ಗುಂಪಿನದು. ಸಂಜೆಯ ಜಳಕಕ್ಕೆ ಇಳಿದುಹೋಗುತ್ತದೆ. ಇನ್ನು ಕುಂಟೆ ಕುಡುಗೋಲು ಮುಟ್ಟದ ಕೈಗಳು ಶುದ್ಧವೆಂದು ನಂಬುವವರು 2008ರ ಇನ್ನೊಂದು ಪರೀಕ್ಷೆಯನ್ನು ಗಮನಿಸಬೇಕು. ಕೊಲರಾಡೊ ವಿಶ್ವವಿದ್ಯಾಲಯದ 51 ವಿದ್ಯಾರ್ಥಿಗಳ 102 ಅಂಗೈಗಳಲ್ಲಿ 4,742 ಬಗೆಯ ಬ್ಯಾಕ್ಟೀರಿಯಾಗಳು ಸಿಕ್ಕವು. ಒಂದೊಂದು ಅಂಗೈಯಲ್ಲಿ ಸರಾಸರಿ 150ಕ್ಕೂ ಹೆಚ್ಚು ಬಗೆ. ಒಬ್ಬರದೇ ಎಡಗೈ ಬಲಗೈಗಳ ನಡುವೆ ಸಮಾನವಾಗಿದ್ದದ್ದು ಶೇ. 17 ಮಾತ್ರ. ಅವರು ಪರೀಕ್ಷೆ ಬರೆದು ಆಗಷ್ಟೇ ಹೊರಬಂದ ಹುಡುಗ ಹುಡುಗಿಯರು, ಆರೋಗ್ಯವಂತರು.

ಹಾಗಾದರೆ ದುಡಿಯುವವರಿಗೆ ಕಜ್ಜಿ, ಕುರು ಯಾಕೆ ಹೆಚ್ಚು? ಪ್ರಶ್ನೆ ಸರಿಯಾಗಿದೆ, ಉತ್ತರ ಬೇರೆ ಕಡೆ ಇದೆ. ತುರಿಕಜ್ಜಿ ಬ್ಯಾಕ್ಟೀರಿಯಾದಿಂದ ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಸುರಂಗ ಕೊರೆದು ತತ್ತಿ ಇಡುವುದರಿಂದ ಬರುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಒತ್ತಾಗಿ ಮಲಗುವ ಮನೆಗಳಲ್ಲಿ, ಕಬ್ಬು ಕಡಿಯಲು ಹೋದವರ ಗುಡಿಸಲುಗಳಲ್ಲಿ, ವಸತಿನಿಲಯಗಳಲ್ಲಿ ಅದು ಹರಡುತ್ತದೆ. ಕೆರೆದುಕೊಂಡ ಗಾಯದೊಳಗೆ ಆಮೇಲೆ ಸ್ಟಾಫಿಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ಸೇರಿ ಕೀವು ತುಂಬುತ್ತದೆ. ಕುರುವಿಗೆ ಕಾರಣವಾಗುವ ಈ ಸ್ಟಾಫಿಲೊಕಾಕಸ್ ಆರಿಯಸ್ ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ತಣ್ಣಗೆ ಕೂತಿರುತ್ತದೆ. ಸಾಹುಕಾರರ ಮೂಗು, ಕೂಲಿಯವರ ಮೂಗು ಎಂಬ ಭೇದ ಅದಕ್ಕಿಲ್ಲ. ಅದಕ್ಕೆ ಬೇಕಾದದ್ದು ಒಂದು ಬಿರುಕು.

ಆ ಬಿರುಕು ಯಾರ ಚರ್ಮದಲ್ಲಿ ಹೆಚ್ಚು ಎಂದು ಕೇಳಿ, ಆಗ ಇಡೀ ವಿಷಯ ತಿಳಿಯುತ್ತದೆ. ಹಿಂಗಾರಿ ಬಿಳಿಜೋಳವನ್ನು ನಮ್ಮಲ್ಲಿ ಬೇರುಸಮೇತ ಕೈಯಿಂದ ಕೀಳುತ್ತಾರೆ. ಸುಗ್ಗಿ ಮುಗಿಯುವ ಹೊತ್ತಿಗೆ ಅಂಗೈ ಒಡೆದು ರಕ್ತ ಜಿನುಗುತ್ತದೆ. ರಾಶಿ ಮಾಡುವಾಗ ಜೋಳದ ಸುಂಕು ಕುತ್ತಿಗೆ, ತೋಳಿನ ಮಡಿಕೆಗಳಲ್ಲಿ ಸೇರಿ ಕೆರೆತ ಹಚ್ಚುತ್ತದೆ. ಕಡಲೆ ಗಿಡ ತನ್ನ ಎಲೆಗಳ ಮೇಲೆ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಸೂಸುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಮನೆಮದ್ದಿಗೆ ಇಟ್ಟುಕೊಳ್ಳುವ ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತು. ಅದೇ ಹುಳಿ, ಒಡೆದ ಹಿಮ್ಮಡಿಗೆ ತಾಗಿದರೆ ಉರಿ ಹೇಳತೀರದು. ಬರಿಗಾಲಲ್ಲಿ ಕಡಲೆ ಕೀಳುವ ಹೆಣ್ಣುಮಗಳ ಕಾಲು ನೋಡಿ "ಎಷ್ಟ ಹೊಲಸ" ಎನ್ನುವವರು, ಆ ಕಾಲಿಗೆ ಒಂದು ಜೋಡಿ ಬೂಟು, ರಾತ್ರಿ ಹಚ್ಚಲು ಒಂದು ಬಟ್ಟಲು ಎಣ್ಣೆ, ಸಂಜೆಗೆ ಎರಡು ಕೊಡ ನೀರು ಸಿಗುತ್ತಿದೆಯೇ ಎಂದು ಕೇಳಬೇಕಿತ್ತು.

ಎಣ್ಣೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಂತೆ, ಢಾಕಾದ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳು ಶೇ. 41ರಷ್ಟು ಕಡಿಮೆಯಾದವು. ಆ ಎಣ್ಣೆ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ, ಚರ್ಮದ ಗೋಡೆಯನ್ನು ಭದ್ರ ಮಾಡಿತು. ಅದರಲ್ಲಿರುವ ಲಿನೋಲಿಯಿಕ್ ಆಮ್ಲ ನಮ್ಮ ಕುಸುಬಿ ಎಣ್ಣೆಯಲ್ಲಿ ಇನ್ನೂ ಸಮೃದ್ಧವಾಗಿದೆ. ನಾಲ್ಕೂ ತಾಲೂಕಿನಲ್ಲಿ ಒಂದು ಕಾಲಕ್ಕೆ ಅಕ್ಕಡಿ ಸಾಲಾಗಿ ಬೆಳೆಯುತ್ತಿದ್ದ ಕುಸುಬಿಯನ್ನು ನಾವೇ ಕೈಬಿಡುತ್ತ ಬಂದಿದ್ದೇವೆ.

ಎರಡನೆಯ ಆಕ್ಷೇಪವನ್ನು ಬರೆಯಲು ನನಗೆ ನೋವಾಗುತ್ತದೆ. ಬಿಳಿ ಚರ್ಮ ಸ್ವಚ್ಛ, ಕಪ್ಪು ಚರ್ಮದಲ್ಲಿ ಕ್ರಿಮಿ ಜಾಸ್ತಿ ಎನ್ನುತ್ತಾರೆ. ಇನ್ನೂ ಮುಂದೆ ಹೋಗಿ, ಒಂದೊಂದು ಮಂದಿಯ ಚರ್ಮವೇ ಬೇರೆ, ವಾಸನೆಯೇ ಬೇರೆ ಎನ್ನುತ್ತಾರೆ. "ಮಂದಿ" ಎಂದು ಹೇಳಿ ಜಾತಿ ಎಂದು ತಿಳಿಯಬೇಕೆಂದು ಬಯಸುತ್ತಾರೆ.

ಚರ್ಮವನ್ನು ಬಣ್ಣದ ಮೇಲೆ ವಿಂಗಡಿಸಲು ವೈದ್ಯರು ಬಳಸುವ ಪಟ್ಟಿ ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅವರು 1975ರಲ್ಲಿ ಮಾಡಿದ್ದು. ಬೆಳಕಿನ ಚಿಕಿತ್ಸೆ ಕೊಡುವಾಗ ಯಾರ ಚರ್ಮ ಎಷ್ಟು ಬೇಗ ಸುಡುತ್ತದೆ ಎಂದು ಅಂದಾಜು ಮಾಡಲು ಅದು ಹುಟ್ಟಿತು. ಮೊದಲು ಅದರಲ್ಲಿ ಇದ್ದದ್ದು ಬಿಳಿಯರ ನಾಲ್ಕು ಬಗೆ ಮಾತ್ರ. ಕಂದು ಮತ್ತು ಕಪ್ಪು ಚರ್ಮದ 5, 6ನೇ ಬಗೆಗಳನ್ನು ಆಮೇಲೆ ಸೇರಿಸಿದರು. ನಮ್ಮ ಜಿಲ್ಲೆಯ ಬಹುಪಾಲು ಜನ 4, 5, 6ರಲ್ಲಿ ಬರುತ್ತೇವೆ. ಆ ಪಟ್ಟಿ ಅಳೆಯುವುದು ಬಿಸಿಲಿಗೆ ಚರ್ಮ ಕೊಡುವ ಉತ್ತರವನ್ನು. ಸ್ವಚ್ಛತೆಯನ್ನು ಅಳೆಯುವ ಉದ್ದೇಶ ಅದಕ್ಕೆ ಯಾವತ್ತೂ ಇರಲಿಲ್ಲ. ಇನ್ನು ಬಣ್ಣಕ್ಕೂ ರಕ್ಷಣೆಗೂ ಸಂಬಂಧ ಹುಡುಕಿದ ಒಂದು ಒಳ್ಳೆಯ ಅಧ್ಯಯನ ಗುಣತಿಲಕೆ, ಪೀಟರ್ ಎಲಿಯಾಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಗಾಢ ಬಣ್ಣದ ಚರ್ಮದ ಮೇಲ್ಮೈ ಬಿಳಿ ಚರ್ಮಕ್ಕಿಂತ ಹೆಚ್ಚು ಆಮ್ಲೀಯವಾಗಿದೆ, ಮೇಲ್ಪದರವನ್ನು ಕಿತ್ತರೆ ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಅವರಿಗೆ ಸಿಕ್ಕ ಫಲ. ರೋಗ ತರುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಆಮ್ಲ ಒಗ್ಗುವುದಿಲ್ಲ. ಅಂದರೆ ಆಕ್ಷೇಪ ಮಾಡುವವರು ಯಾವುದನ್ನು ಕುಂದು ಎನ್ನುತ್ತಾರೋ ಅದು ಬೇಲಿಯಾಗಿ ನಿಂತಿದೆ.

ವಾಸನೆಯ ವಿಷಯ. ಬಸ್ಸಿನಲ್ಲಿ ಕೂಲಿಯ ಹೆಣ್ಣುಮಗಳ ಪಕ್ಕದಿಂದ ಎದ್ದುಹೋಗುವವರನ್ನು ನಾನು ನೋಡಿದ್ದೇನೆ. ಕಂಕುಳಿನ ಗ್ರಂಥಿಗಳಿಂದ ಆಗಷ್ಟೇ ಬಂದ ಸ್ರಾವಕ್ಕೆ ವಾಸನೆ ಇರುವುದೇ ಇಲ್ಲ. ಸ್ಟಾಫಿಲೊಕಾಕಸ್ ಹೋಮಿನಿಸ್‌ನಂಥ ಬ್ಯಾಕ್ಟೀರಿಯಾಗಳು ಅದರಲ್ಲಿನ ಅಣುಗಳನ್ನು ಒಡೆದಾಗ ಗಂಧಕದ ಆ ಗಡಸು ವಾಸನೆ ಹುಟ್ಟುತ್ತದೆ. ಈ ಬ್ಯಾಕ್ಟೀರಿಯಾ ತಹಶೀಲ್ದಾರರ ಕಂಕುಳಲ್ಲೂ ಇದೆ. ಅವರಿಗೆ ಬೆಳಗ್ಗೆ ನೀರು ಸಿಕ್ಕಿರುತ್ತದೆ, ಆಕೆಗೆ ಸಿಕ್ಕಿರುವುದಿಲ್ಲ, ವ್ಯತ್ಯಾಸ ಇರುವುದು ಅಲ್ಲಿ.

ಹಾಗೆಂದು ಮನುಷ್ಯರ ಗುಂಪುಗಳ ನಡುವೆ ಬ್ಯಾಕ್ಟೀರಿಯಾಗಳ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಅದು ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ. 2013ರಲ್ಲಿ ಅಮೆರಿಕದ 60 ಕುಟುಂಬಗಳ 159 ಮಂದಿಯನ್ನೂ ಅವರ 36 ನಾಯಿಗಳನ್ನೂ ಪರೀಕ್ಷಿಸಿದಾಗ, ಒಂದೇ ಸೂರಿನಡಿ ಬದುಕುವವರ ಚರ್ಮದ ಬ್ಯಾಕ್ಟೀರಿಯಾಗಳು ಹೊರಗಿನವರದಕ್ಕಿಂತ ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಗಂಡ ಹೆಂಡತಿ ರಕ್ತಸಂಬಂಧಿಗಳಲ್ಲ, ಆದರೂ ಹೋಲಿಕೆ ಇತ್ತು. ನಾಯಿ ಸಾಕಿದವರು ತಮ್ಮ ನಾಯಿಯ ಜೊತೆಗೂ ಹಂಚಿಕೊಂಡಿದ್ದರು. ಜೊತೆಗೆ ಉಂಡು, ಮಲಗಿ, ಮುಟ್ಟಿಕೊಂಡು ಬದುಕಿದರೆ ಚರ್ಮದ ಮೇಲಿನ ಲೋಕವೂ ಕೂಡಿಕೊಳ್ಳುತ್ತದೆ. ಮುಟ್ಟದೆ ದೂರ ಇಟ್ಟರೆ ಬೇರೆಯಾಗಿಯೇ ಉಳಿಯುತ್ತದೆ. ದೂರ ಇಟ್ಟವರೇ ಬಂದು, ನೋಡಿ ಅವರು ಬೇರೆ ಎಂದರೆ ಅದನ್ನು ಪುರಾವೆ ಎಂದು ಒಪ್ಪಬೇಕೆ? ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲ ಇದು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣದಲ್ಲಿ ಶರಣರು ಜೀವ ಕೊಟ್ಟು ಎಂಟು ಶತಮಾನ ದಾಟಿತು. ಆ ನೆಲದಲ್ಲಿ ನಿಂತು ಜೀವಶಾಸ್ತ್ರದ ಹೆಸರಿನಲ್ಲಿ ಮೈಲಿಗೆಯನ್ನು ಮತ್ತೆ ಕಟ್ಟಲು ಬಂದರೆ ಒಪ್ಪಲಾಗದು.

"ಅದೇನರ ಇರಲಿ, ಕ್ರಿಮಿ ಕೊಲ್ಲೋ ಸೋಪು ಹಚ್ಚಿದರ ತಪ್ಪೇನು?" ಎನ್ನುವವರಿದ್ದಾರೆ. ಸೋಪು ಬೇಕು ಎಂಬುದರಲ್ಲಿ ನನಗೂ ಅವರಿಗೂ ಜಗಳವಿಲ್ಲ. ಕರಾಚಿಯ ಬಡ ಬಡಾವಣೆಗಳಲ್ಲಿ ಸ್ಟೀಫನ್ ಲುಬಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಸಾದಾ ಸೋಪು, ಕೆಲವಕ್ಕೆ ಕ್ರಿಮಿನಾಶಕ ಬೆರೆಸಿದ ಸೋಪು ಕೊಟ್ಟು, ಕೈ ತೊಳೆಯುವುದನ್ನು ರೂಢಿ ಮಾಡಿಸಿದರು. ಸಾದಾ ಸೋಪು ಸಿಕ್ಕ ಮನೆಗಳ ಮಕ್ಕಳಲ್ಲಿ, ಏನೂ ಸಿಗದ ಮನೆಗಳಿಗೆ ಹೋಲಿಸಿದರೆ, ಬೇಧಿ ಶೇ. 53ರಷ್ಟು, ಚರ್ಮದ ಮೇಲೆ ಕೀವುಗುಳ್ಳೆ ಏಳುವ ಇಂಪೆಟಿಗೊ ಶೇ. 34ರಷ್ಟು ಕಡಿಮೆಯಾಯಿತು. ಸಾದಾ ಸೋಪಿಗೂ ಕ್ರಿಮಿನಾಶಕ ಸೋಪಿಗೂ ನಡುವೆ ಗಣನೀಯ ವ್ಯತ್ಯಾಸ ಬರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಸೇರಿ 19 ರಾಸಾಯನಿಕಗಳಿರುವ ಸೋಪುಗಳ ಮಾರಾಟಕ್ಕೆ ತಡೆ ಹಾಕಿತು. ಸಾದಾ ಸೋಪು ನೀರಿಗಿಂತ ಇವು ಮೇಲು ಎಂದು ತಯಾರಕರು ತೋರಿಸಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಆಪರೇಷನ್ ಕೋಣೆಯ ಮಾತು ಬೇರೆ. ಮನೆಯ ಬಚ್ಚಲಿಗೆ ಹೆಚ್ಚು ದುಡ್ಡಿನ ಈ ಸೋಪು ಬೇಕಿಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇದಕ್ಕಿಂತ ದೊಡ್ಡ ತೊಂದರೆ ನೀರಿನದು. ಚರ್ಮದ ಪಿಎಚ್ ಸುಮಾರು 5, ಬಟ್ಟಿ ಸೋಪಿನದು 9ರಿಂದ 10. ಗಟ್ಟಿ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ತೊಳೆದರೂ ಹೋಗದ ಬೂದು ಅಂಟಾಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 80 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಗಟ್ಟಿ ನೀರಿನಲ್ಲಿ ತೊಳೆದ ಚರ್ಮದ ಮೇಲೆ ಮಾರ್ಜಕ ಹೆಚ್ಚು ಉಳಿದು ಉರಿ, ಒಣತನ ಹೆಚ್ಚಾಗುವುದು ಕಂಡಿತು. ಬೋರಿನ ಗಟ್ಟಿ ನೀರು, ಡೋಣಿ ಸಾಲಿನ ಸವುಳು ನೀರು, ಅದರ ಮೇಲೆ ಕ್ಷಾರದ ಸೋಪು: ಇಸಬು ಇರುವ ಮಗುವಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಆಮ್ಲದ ಪದರ ಕೆಟ್ಟಲ್ಲಿ ಸ್ಟಾಫಿಲೊಕಾಕಸ್ ಆರಿಯಸ್ ಬಂದು ಕೂರುತ್ತದೆ. ಒಳ್ಳೆಯ ಚರ್ಮದಲ್ಲಿ ಅದನ್ನು ತಡೆಯುವವರೂ ಬ್ಯಾಕ್ಟೀರಿಯಾಗಳೇ. ಸ್ಟಾಫಿಲೊಕಾಕಸ್ ಎಪಿಡರ್ಮಿಡಿಸ್, ಹೋಮಿನಿಸ್‌ಗಳ ಕೆಲವು ತಳಿಗಳು ಆರಿಯಸ್ ಅನ್ನು ಕೊಲ್ಲುವ ಪೆಪ್ಟೈಡುಗಳನ್ನು ತಯಾರಿಸುತ್ತವೆ ಎಂದು 2017ರಲ್ಲಿ ಸ್ಯಾನ್ ಡಿಯಾಗೋದ ರಿಚರ್ಡ್ ಗ್ಯಾಲೊ ಅವರ ಪ್ರಯೋಗಾಲಯ ತೋರಿಸಿತು. ಇಸಬು ಇರುವವರ ಚರ್ಮದಲ್ಲಿ ಈ ಕಾವಲುಗಾರರು ಕಡಿಮೆ ಇದ್ದರು. ಎಲ್ಲವನ್ನೂ ಕೊಂದುಹಾಕು ಎನ್ನುವವರು ಇವರನ್ನೂ ಕೊಲ್ಲು ಎಂದಂತೆಯೇ. ಕೃಷ್ಣೆಗೆ ಆಲಮಟ್ಟಿಯಲ್ಲಿ, ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ದಶಕಗಳಾದರೂ ಜಳಕಕ್ಕೆ ಸಿಹಿನೀರು ಇಲ್ಲದ ಮನೆಗಳು ಇವೆ. ಚರ್ಮರೋಗದ ಮಾತು ಆಡುವಾಗ ಅದನ್ನು ಬಿಟ್ಟು ಸೋಪಿನ ಮಾತು ಆಡುವುದು ಸರಿಯಲ್ಲ.

ಇಲ್ಲಿಗೆ ಇಂಡಿಯ ಗೆಳೆಯರು ಒಂದು ಸುಲಭದ ದಾರಿ ತೋರಿಸುತ್ತಾರೆ. "ಚರ್ಮಕ್ಕ ಹುಳಿ ಬೇಕಂತ ನೀವ ಹೇಳ್ತೀರಿ, ನಮ್ಮ ನಿಂಬಿಹಣ್ಣ ತಿಕ್ಕಿದರಾತು." ಇಂಡಿ ನಿಂಬೆಯ ಮೇಲೆ ನನಗೂ ಅಭಿಮಾನವಿದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆ ಹಣ್ಣು ಊಟಕ್ಕೆ, ಪಾನಕಕ್ಕೆ, ಉಪ್ಪಿನಕಾಯಿಗೆ ಸರಿ. ಮುಖಕ್ಕೆ ಬೇಡ. ನಿಂಬೆರಸದ ಪಿಎಚ್ 2ರ ಸುಮಾರಿಗೆ ಇದೆ, ಚರ್ಮ ತಾನೇ ಇಟ್ಟುಕೊಳ್ಳುವ ಹುಳಿಗಿಂತ ನೂರಾರು ಪಟ್ಟು ತೀಕ್ಷ್ಣ. ಇನ್ನೂ ದೊಡ್ಡ ಅಪಾಯ ಸಿಪ್ಪೆಯ ಎಣ್ಣೆಯಲ್ಲಿದೆ. ಕಾಗ್ಜಿ ನಿಂಬೆಯ ಸಿಪ್ಪೆಯಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟ ಗುಳ್ಳೆ ಏಳುತ್ತವೆ, ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಬೆಳ್ಳಗಾಗಲೆಂದು ಹಚ್ಚಿಕೊಂಡ ಹುಡುಗಿಯ ಕೆನ್ನೆಯಲ್ಲಿ ಕಪ್ಪು ಗೆರೆ ಬೀಳುವುದು ಹೀಗೆ. ನಿಂಬೆ ಹರಿಯುವ ಕೂಲಿಕಾರರು, ರಸ ಹಿಂಡುವವರು ಬಿಸಿಲಿಗೆ ಹೋಗುವ ಮುಂಚೆ ಕೈ ತೊಳೆಯಬೇಕು ಎಂಬುದನ್ನು ಪ್ರತಿ ತೋಟದಲ್ಲಿ ಹೇಳಬೇಕಾಗಿದೆ.

ಬೆಳ್ಳಗಾಗುವ ಆಸೆಯ ಬೆನ್ನಿಗೇ ಬರುವುದು ಟ್ಯೂಬು. "ಅಂಗಡ್ಯಾಗ ಕೊಡ್ತಾರ, ಎರಡು ದಿನದಾಗ ಕಡತ ನಿಲ್ಲತದ, ನೀವ್ಯಾಕ ಬ್ಯಾಡಂತೀರಿ?" ತುರಿಕೆ ನಿಲ್ಲುವುದು ನಿಜ, ಅದೇ ಮೋಸ. ಆ ಟ್ಯೂಬುಗಳಲ್ಲಿ ಅನೇಕವುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ, ಜೊತೆಗೆ ಒಂದಿಷ್ಟು ಶಿಲೀಂಧ್ರನಾಶಕ, ಒಂದಿಷ್ಟು ಆಂಟಿಬಯಾಟಿಕ್. ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ಮಲಗಿಸುತ್ತದೆ. ತುರಿಕೆ ನಿಲ್ಲುತ್ತದೆ, ಗಜಕರ್ಣದ ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಏಳುತ್ತದೆ. ಮುಖಕ್ಕೆ ಹಚ್ಚಿದವರಿಗೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ತುಂಬಿ, ಕೂದಲು ಬೆಳೆಯುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಕಾನೂನು ಇದೆ. ಅದನ್ನು ಪಾಲಿಸಿ ಎನ್ನುವುದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಇನ್ನು ಎದುರು ದಿಕ್ಕಿನವರು. "ನಮ್ಮ ಬಿಸಲಾಗ ಯಾವ ಕ್ರಿಮಿ ಉಳಿತದ? ಎಲ್ಲಾ ಸುಟ್ಟುಹೋಗತಾವ." ಬಿಸಿಲಿನ ಅತಿನೇರಳೆ ಕಿರಣ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂಬುದು ದಿಟ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂದಿತ್ತು. ಕೌದಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು ಒಳ್ಳೆಯ ರೂಢಿ. ಕಜ್ಜಿಯ ಹುಳ ಮೈಯಿಂದ ಬೇರೆಯಾದರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಆದರೆ ಮೈಯ ಮಾತು ಕೌದಿಯ ಮಾತಲ್ಲ. ರೋಮಕೂಪದ ಆಳದಲ್ಲಿ ಕೂತ ಬ್ಯಾಕ್ಟೀರಿಯಾಗಳಿಗೆ ಬಿಸಿಲು ಅಷ್ಟಾಗಿ ತಾಗುವುದೇ ಇಲ್ಲ. ಮೇಲ್ಮೈಯಲ್ಲಿ ಇರುವವೂ ಹೋಗಿ ಮರಳುತ್ತವೆ. ಬಿಸಿಲು ಕಾಯಿಸಿಕೊಳ್ಳಲು ರಜೆಗೆ ಹೋಗಿಬಂದವರನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನವು ರಜೆಯ ಕೊನೆಗೆ ಕುಸಿದಿದ್ದವು, 28 ದಿನಗಳೊಳಗೆ ಮೊದಲಿನ ಸ್ಥಿತಿಗೆ ಬಂದವು. 2023ರ ವರದಿ ಅದು.

ನಮ್ಮವರು ಬಿಸಿಲಿಗೆ ಹೋಗುವುದು ರಜೆಗಲ್ಲ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೂ ಕೆಲಸಕ್ಕೆ. ಆಗ ಬೆವರಿನ ನಾಳಗಳು ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ಕಟ್ಟಿಕೊಳ್ಳಲು ಒಂದು ಕಾರಣ, ಬೆವರಿನಲ್ಲಿ ಹುಲುಸಾಗಿ ಬೆಳೆದ ಸ್ಟಾಫಿಲೊಕಾಕಸ್ ಎಪಿಡರ್ಮಿಡಿಸ್‌ನ ಕೆಲವು ತಳಿಗಳು ಸ್ರವಿಸುವ ಲೋಳೆ. ಮೇಲೆ ಕಾವಲುಗಾರ ಎಂದು ಹೊಗಳಿದ ಅದೇ ಬ್ಯಾಕ್ಟೀರಿಯಾ! ಚರ್ಮದ ಸ್ಥಿತಿ ಬದಲಾದರೆ ಅದರ ನಡತೆಯೂ ಬದಲಾಗುತ್ತದೆ. ಬಿಸಿಲು ಬ್ಯಾಕ್ಟೀರಿಯಾ ಕೊಲ್ಲಲಿ ಎಂದು ಮೈಯೊಡ್ಡಿ ಕೂತರೆ ಮೊದಲು ಸುಡುವುದು ಮೈ. ತೆಳುವಾದ ಹತ್ತಿಬಟ್ಟೆ, ತಲೆಗೆ ಪಟಗ ಅಥವಾ ಸೆರಗು, ನಡುಹಗಲ ನೆರಳು, ಕುಡಿಯಲು ನೀರು ಬೇಕು. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ನೆರಳು, ನೀರು ಕೇಳಿ ಪಡೆಯುವುದು ಹಕ್ಕು.

"ಮಣ್ಣೇ ಔಷಧ" ಎನ್ನುವವರ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ, ಹಾಗಾಗಿ ನಿಧಾನವಾಗಿ ಹೇಳಬೇಕು. 2012ರಲ್ಲಿ ಫಿನ್ಲೆಂಡಿನ ಇಲ್ಕ ಹನ್ಸ್ಕಿ ಮತ್ತು ಸಂಗಡಿಗರು 118 ಹದಿಹರೆಯದವರನ್ನು ಪರೀಕ್ಷಿಸಿದರು. ಮನೆಯ ಸುತ್ತ ಕಾಡು, ಹೊಲ, ಬಗೆಬಗೆಯ ಗಿಡಗಳು ಇದ್ದವರ ಚರ್ಮದಲ್ಲಿ ಗ್ಯಾಮಾಪ್ರೋಟಿಯೋಬ್ಯಾಕ್ಟೀರಿಯಾಗಳ ಬಗೆ ಹೆಚ್ಚಿತ್ತು, ಅಲರ್ಜಿಯ ಪ್ರವೃತ್ತಿ ಕಡಿಮೆ ಇತ್ತು. 2020ರಲ್ಲಿ ಅದೇ ದೇಶದ ಇನ್ನೊಂದು ತಂಡ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲವನ್ನೇ ತಂದು ಹಾಸಿ ನೋಡಿತು. 3ರಿಂದ 5 ವರ್ಷದ ಮಕ್ಕಳು 28 ದಿನ ಅದರಲ್ಲಿ ಆಡಿದ ಮೇಲೆ ಅವರ ಚರ್ಮದ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಸೂಚನೆಗಳೂ ಕಂಡವು. ಮಕ್ಕಳನ್ನು ಅಂಗಳಕ್ಕೇ ಬಿಡದೆ, ಮಣ್ಣು ಮುಟ್ಟಿದರೆ ಹೊಡೆದು ಒಳಗೆ ಕರೆಯುವ ವಿಜಯಪುರದ ಹೊಸ ಬಡಾವಣೆಯ ತಂದೆತಾಯಿಗಳು ಇದನ್ನು ಓದಬೇಕು. ದನದ ಕೊಟ್ಟಿಗೆ, ಹಿತ್ತಲು, ಹೊಲ ನೋಡಿ ಬೆಳೆದ ಹಳ್ಳಿಯ ಮಗುವಿಗೆ ಒಂದು ಸಂಪತ್ತು ಇದೆ.

ಆದರೆ ಅದು ಗಾಯವಿಲ್ಲದ ಚರ್ಮದ ಕಥೆ. ಮಣ್ಣು ಚರ್ಮದ ಮೇಲೆ ಇರುವುದಕ್ಕೂ ಒಳಗೆ ಹೋಗುವುದಕ್ಕೂ ಅಗಾಧ ಅಂತರವಿದೆ. ಬರಿಗಾಲಿಗೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ, ಅದರ ಜೊತೆ ಮಣ್ಣಿನ ನೊಕಾರ್ಡಿಯಾ, ಆಕ್ಟಿನೊಮಡುರಾ ಎಂಬ ಬ್ಯಾಕ್ಟೀರಿಯಾಗಳು ಅಥವಾ ಕೆಲವು ಶಿಲೀಂಧ್ರಗಳು ಆಳಕ್ಕೆ ಇಳಿದರೆ, ತಿಂಗಳುಗಳ ಮೇಲೆ ಪಾದ ನೋವಿಲ್ಲದೆ ಬಾತುಕೊಳ್ಳುತ್ತದೆ. ತೂತು ಬಿದ್ದು ಕಾಳಿನಂಥ ಕಣಗಳು ಸೋರುತ್ತವೆ, ಎಲುಬನ್ನೂ ತಿನ್ನುತ್ತದೆ. 1842ರಲ್ಲಿ ಮದುರೆಯ ಗಿಲ್ ಎಂಬ ವೈದ್ಯರು ದಾಖಲಿಸಿದ್ದರಿಂದ ಅದಕ್ಕೆ ಮದುರಾ ಪಾದ ಎಂಬ ಹೆಸರೇ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು ಕಡೆಗಣಿಸಲಾದ ರೋಗಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಿದ್ದು ಯಾಕೆಂದರೆ ಅದು ಬರುವುದು ಬರಿಗಾಲಿನವರಿಗೆ, ಕುರಿ ಕಾಯುವವರಿಗೆ, ಕಟ್ಟಿಗೆ ತರುವವರಿಗೆ. ಸೆಗಣಿ ಬೆರೆತ ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಕಗಳು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಗಾಯಕ್ಕೆ ಮಣ್ಣು, ಸೆಗಣಿ ಮೆತ್ತುವುದು ಔಷಧವಲ್ಲ, ಸಾವಿಗೆ ಬಾಗಿಲು. ಮಣ್ಣಿನ ಗೆಳೆತನ ಉಳಿಸಿಕೊಳ್ಳಬೇಕಾದರೆ ಕಾಲಿಗೆ ಗಟ್ಟಿ ಬೂಟು, ಮೈಗೆ ಧನುರ್ವಾಯು ತಡೆಯುವ ಚುಚ್ಚುಮದ್ದು, ಗಾಯಕ್ಕೆ ಸೋಪು ನೀರು ಇರಲೇಬೇಕು.

ಇನ್ನೊಂದು ಮಾತು. ಅಜ್ಜನ ಕಾಲದ ಮಣ್ಣು ಈಗ ಎಲ್ಲ ಕಡೆ ಇಲ್ಲ. ದ್ರಾಕ್ಷಿ, ದಾಳಿಂಬೆ, ಹತ್ತಿ, ತೊಗರಿಗೆ ಸಾಲುಸಾಲಾಗಿ ಹೊಡೆಯುವ ಔಷಧಿ ಅದೇ ಮಣ್ಣಿಗೆ, ಅದೇ ಚರ್ಮಕ್ಕೆ ಬೀಳುತ್ತದೆ. ಪಂಪು ಹೊತ್ತು ಬರಿಮೈಯಲ್ಲಿ ಔಷಧಿ ಹೊಡೆಯುವ ಹುಡುಗನಿಗೆ ಮಣ್ಣಿನ ಮಹಿಮೆ ಹೇಳುವ ಮುಂಚೆ ಕೈಗವಸು, ಮೈತುಂಬ ಅಂಗಿ ಕೊಡಿಸಬೇಕು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು, ಮುದ್ದೇಬಿಹಾಳದ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದು. ಅಮೆರಿಕ, ಫಿನ್ಲೆಂಡ್ ಎನ್ನುತ್ತೀರಿ, ಅವರ ಚರ್ಮ ನೋಡಿ ನಮ್ಮ ಚರ್ಮದ ಮಾತು ಹೇಗೆ ಆಡುತ್ತೀರಿ? ಜಿಡ್ಡು, ತೇವ, ಒಣತನದ ನಿಯಮ ಮನುಷ್ಯ ದೇಹದ ರಚನೆಯಿಂದ ಬಂದದ್ದು, ಅದು ಎಲ್ಲರಿಗೂ ಅನ್ವಯಿಸುತ್ತದೆ. ಸೋಪಿನ ಪ್ರಯೋಗ ಕರಾಚಿಯದು, ಎಣ್ಣೆಯದು ಢಾಕಾದ್ದು, ಅವು ನಮ್ಮಂಥವರ ಮನೆಗಳಿಗೆ ಹತ್ತಿರ. 2022ರಲ್ಲಿ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದವರು ಮಹಾರಾಷ್ಟ್ರದ ಕುಟುಂಬಗಳ ಚರ್ಮದ ಬ್ಯಾಕ್ಟೀರಿಯಾಗಳ ಅಧ್ಯಯನ ಪ್ರಕಟಿಸಿದರು. ಇಂಡಿಯ ಗಡಿ ದಾಟಿದರೆ ಸೊಲ್ಲಾಪುರ, ಆ ರಾಜ್ಯವೇ. ಇಷ್ಟು ಹೇಳಿಯೂ ಆ ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಬೇಕಾದರೆ ನಮ್ಮ ಎರಿಯ ಮಂದಿಯನ್ನೇ ಕೇಳಬೇಕು.

ಅದು ಆಗಬಹುದಾದ ಕೆಲಸ. ವಿಜಯಪುರದಲ್ಲಿ ಬಿಎಲ್‌ಡಿಇ ವೈದ್ಯಕೀಯ ಕಾಲೇಜಿದೆ, ಮಣ್ಣು ಬಲ್ಲ ಕೃಷಿ ಕಾಲೇಜಿದೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಇಂಡಿಯಲ್ಲಿ ನಿಂಬೆ ಹರಿಯುವವರು, ಸಿಂದಗಿಯಲ್ಲಿ ಹತ್ತಿ ಬಿಡಿಸುವವರು, ಮುದ್ದೇಬಿಹಾಳದಲ್ಲಿ ಕಾಲುವೆ ನೀರಿನ ಹೊಲದವರು, ಬಸವನ ಬಾಗೇವಾಡಿಯಲ್ಲಿ ಬೋರು ನೀರಿನ ಮನೆಯವರು, ಅವರ ಜೊತೆಗೆ ಅದೇ ಊರಿನ ಅಂಗಡಿ, ಕಚೇರಿಗಳಲ್ಲಿ ಕೂರುವವರು. ಪ್ರತಿಯೊಬ್ಬರ ಹಣೆ, ಕಂಕುಳು, ಮುಂದೋಳು, ಅಂಗೈ, ಹಿಮ್ಮಡಿಯಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯಬೇಕು. ಜೋಳ ಕೀಳುವ ಜನವರಿಯಲ್ಲಿ ಒಮ್ಮೆ, ಉರಿ ಬಿಸಿಲಿನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದ ಸೆಪ್ಟೆಂಬರ್‌ನಲ್ಲಿ ಒಮ್ಮೆ. ಅದೇ ದಿನ ಅವರು ಜಳಕ ಮಾಡುವ ನೀರಿನ ಗಡಸುತನ, ಹೊಲದ ಮಣ್ಣಿನ ಪಿಎಚ್ ಬರೆದುಕೊಳ್ಳಬೇಕು. ಪ್ರಶ್ನೆ ಕೇಳಿದ ಹುಡುಗಿ ಹತ್ತಿಕಡ್ಡಿ ಹಿಡಿಯಲು ತಯಾರಿದ್ದಾಳೆ. ಅವಳ ಜೊತೆಗೆ ಇನ್ನೂ ಹತ್ತು ಹುಡುಗಿಯರನ್ನು ಕರೆದುಕೊಂಡು ಈ ಸುಗ್ಗಿಗೆ ಶುರು ಮಾಡಿ ಎಂದು ಆ ಮೂರೂ ಸಂಸ್ಥೆಗಳನ್ನು ಕೇಳುತ್ತಿದ್ದೇನೆ.